ಒಟ್ಟಿಗೆ ಕಳಿಸಿದ ಎಐ ವಿಡಿಯೋ ಟಾಸ್ಕ್‌ಗಳ ಸ್ಥಿತಿ ಸರಿಯಾಗಿ ಕಾಣದಿದ್ದಾಗ: ದೋಷ ಹುಡುಕುವ ಕ್ರಮ

ದೋಷದ ಲಕ್ಷಣ ಹೀಗಿರುತ್ತದೆ: ರಾತ್ರಿ ಎಐ ಸೇವೆಗೆ 64 ವಿಡಿಯೋ ಟಾಸ್ಕ್‌ಗಳನ್ನು, ಅಂದರೆ ಒಂದೊಂದು ವಿಡಿಯೋ ತಯಾರಿಸಿಕೊಡುವ ಕೋರಿಕೆಗಳನ್ನು, ಕಳಿಸಿ ಮಲಗಿರುತ್ತೀರಿ, ಬೆಳಿಗ್ಗೆ ಎದ್ದು ಎಲ್ಲದರ ಸ್ಥಿತಿಯನ್ನು ಒಂದೇ ಬಾರಿಗೆ ಕೇಳಿದರೆ ಪಟ್ಟಿಯಲ್ಲಿ 20 ಮಾತ್ರ ಕಾಣುತ್ತವೆ. ಹಾಸನದ ನಮ್ಮ ಪುಟ್ಟ ಸ್ಟುಡಿಯೋದಲ್ಲಿ ಕಳೆದ ಮಳೆಗಾಲದಲ್ಲಿ ಇದೇ ಆಯಿತು. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಹೋಂಸ್ಟೇಗಾಗಿ ತಲಾ 5 ಸೆಕೆಂಡಿನ 64 ತುಣುಕುಗಳನ್ನು ತಯಾರಿಸಬೇಕಿತ್ತು. ಪಟ್ಟಿಯಲ್ಲಿ ಕಾಣದ 44 ಟಾಸ್ಕ್‌ಗಳು ಎಲ್ಲೋ ಬಿದ್ದುಹೋದವೆಂದು ತಿಳಿದು ಅವುಗಳನ್ನು ಮತ್ತೆ ಕಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ತಿಳಿದದ್ದೇನೆಂದರೆ, ಮೊದಲು ಕಳಿಸಿದ 44 ಕೂಡ ರಾತ್ರಿಯೇ ಮುಗಿದಿದ್ದವು. ಆ ಸೇವೆ ಒಂದು ಪುಟಕ್ಕೆ 20 ಟಾಸ್ಕ್‌ಗಳನ್ನಷ್ಟೇ ತೋರಿಸುತ್ತಿತ್ತು, ನಾವು ಎರಡನೆಯ ಪುಟವನ್ನು ಕೇಳಿಯೇ ಇರಲಿಲ್ಲ. 44 ತುಣುಕುಗಳಿಗೆ ಎರಡೆರಡು ಸಲ ಹಣ ಕಟ್ಟಿದೆವು.

ಆ ದಿನದಿಂದ ನಾವು ಪಾಲಿಸಿಕೊಂಡು ಬಂದಿರುವ ಪರಿಶೀಲನೆಯ ಕ್ರಮವನ್ನು ಇಲ್ಲಿ ಬರೆದಿದೆ. ಇದರ ಬುಡದಲ್ಲಿರುವ ಮಾತು ಒಂದೇ: ‘ಪಟ್ಟಿಯಲ್ಲಿ ಇಲ್ಲ’ ಎನ್ನುವುದು ಬೇರೆ, ‘ವಿಫಲವಾಗಿದೆ’ ಎನ್ನುವುದು ಬೇರೆ. ಹಲವು ಟಾಸ್ಕ್‌ಗಳ ಸ್ಥಿತಿಯನ್ನು ಒಟ್ಟಿಗೆ ನೋಡುವಾಗ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ವಿಡಿಯೋ ತಯಾರಿಕೆಯಲ್ಲಿ ಇರುವುದಿಲ್ಲ, ನಾವು ಕೇಳಿದ ಪ್ರಶ್ನೆಯಲ್ಲಿ ಇರುತ್ತವೆ. 1982ರಿಂದ ಇಸ್ರೋದ ಉಪಗ್ರಹಗಳ ಮೇಲೆ ಕಣ್ಣಿಟ್ಟಿರುವ ಕೇಂದ್ರ ನಮ್ಮ ಊರಿನಲ್ಲೇ ಇದೆ. ಸಂಕೇತ ಒಂದು ಕ್ಷಣ ಬಾರದಿದ್ದರೆ ಉಪಗ್ರಹವೇ ಹೋಯಿತೆಂದು ಅಲ್ಲಿ ಯಾರೂ ಹೊಸದೊಂದನ್ನು ಹಾರಿಸಲು ಹೊರಡುವುದಿಲ್ಲ. ನಾವು ಮಾತ್ರ ಹೊರಟಿದ್ದೆವು.

ಸ್ಥಿತಿ ಎಂದರೆ ಏನು

ಎಐ ವಿಡಿಯೋ ಸೇವೆಗಳು ಗಿರಣಿಯಂತೆ ಕೆಲಸ ಮಾಡುತ್ತವೆ. ರಾಗಿಯ ಡಬ್ಬವನ್ನು ಇಟ್ಟು, ಹೆಸರಿನ ಚೀಟಿ ಅಂಟಿಸಿ, ಬೇರೆ ಕೆಲಸ ಮುಗಿಸಿಕೊಂಡು ಬಂದು ‘ಆಯ್ತಾ’ ಎಂದು ಕೇಳಬೇಕು. ಇಲ್ಲಿ ಚೀಟಿಯ ಬದಲಿಗೆ ಟಾಸ್ಕ್ ಐಡಿ ಇರುತ್ತದೆ. ಕೋರಿಕೆಯನ್ನು ಕಳಿಸಿದೊಡನೆ ಬರುವ 200 ಎಂಬ ಉತ್ತರವು ಡಬ್ಬವನ್ನು ಒಳಗೆ ಇಟ್ಟುಕೊಂಡಿದ್ದಾರೆ ಎಂಬುದನ್ನಷ್ಟೇ ಹೇಳುತ್ತದೆ, ಹಿಟ್ಟು ಆಗಿದೆ ಎಂದಲ್ಲ. ಅನಂತರ ಟಾಸ್ಕ್ ಸರತಿಯಲ್ಲಿರುತ್ತದೆ, ಆಮೇಲೆ ನಡೆಯುತ್ತಿರುತ್ತದೆ, ಕೊನೆಗೆ ಮುಗಿಯುತ್ತದೆ ಅಥವಾ ವಿಫಲವಾಗುತ್ತದೆ. ಕೆಲವು ಸೇವೆಗಳಲ್ಲಿ ರದ್ದಾದದ್ದು ಮತ್ತು ಅವಧಿ ಮೀರಿದ್ದು ಎಂಬ ಇನ್ನೆರಡು ಸ್ಥಿತಿಗಳೂ ಇರುತ್ತವೆ. ಒಂದೇ ಸ್ಥಿತಿಗೆ ಒಂದು ಸೇವೆ ‘ಸಕ್ಸೀಡೆಡ್’ ಎಂದರೆ ಇನ್ನೊಂದು ‘ಕಂಪ್ಲೀಟೆಡ್’ ಎನ್ನುತ್ತದೆ, ಮತ್ತೊಂದು ‘ಡನ್’ ಎಂಬುದರ ಮುಂದೆ ‘ಟ್ರೂ’ ಎಂದು ಬರೆದು ಸುಮ್ಮನಾಗುತ್ತದೆ. ಸೇವೆಯನ್ನು ಬದಲಿಸಿದ ಮರುದಿನ ‘ಯಾವ ಟಾಸ್ಕೂ ಮುಗಿಯುತ್ತಲೇ ಇಲ್ಲ’ ಎಂದು ತೋರಿದರೆ, ಮೊದಲು ಈ ಪದವನ್ನು ನೋಡಬೇಕು.

ಮೊದಲು ಎಣಿಸಿ

ಬೇರೆ ಏನನ್ನೂ ಮುಟ್ಟುವ ಮೊದಲು ಮೂರು ಸಂಖ್ಯೆಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು: ನಾವು ಕಳಿಸಲು ಉದ್ದೇಶಿಸಿದ ಟಾಸ್ಕ್‌ಗಳೆಷ್ಟು, ನಮ್ಮ ಕೈಗೆ ಬಂದ ಐಡಿಗಳೆಷ್ಟು, ಪಟ್ಟಿಯ ಉತ್ತರದಲ್ಲಿ ‘ಟೋಟಲ್’ ಎಂಬಲ್ಲಿ ಇರುವ ಸಂಖ್ಯೆ ಎಷ್ಟು. ಮೊದಲನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸವಿದ್ದರೆ ದೋಷ ಕಳಿಸುವಾಗಲೇ ಆಗಿದೆ, ಸ್ಥಿತಿಯ ಪಟ್ಟಿಯನ್ನು ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಎರಡನೆಯದೂ ಮೂರನೆಯದೂ ಬೇರೆಯಾಗಿದ್ದರೆ ಕೀ (ಸೇವೆಯನ್ನು ಬಳಸಲು ನಮಗೆ ಕೊಟ್ಟಿರುವ ಗುಪ್ತ ಸಂಕೇತ), ಫಿಲ್ಟರ್ (ಪಟ್ಟಿಯನ್ನು ಸೋಸುವ ಷರತ್ತು) ಅಥವಾ ದಿನಾಂಕದ ಮಿತಿಯನ್ನು ಸಂಶಯಿಸಬೇಕು. ಮೂರೂ 64 ಆಗಿದ್ದು ಪರದೆಯ ಮೇಲೆ ಮಾತ್ರ 20 ಸಾಲುಗಳಿದ್ದರೆ, ಅದು ಪುಟದ ಸಮಸ್ಯೆ. ನಮ್ಮ ಉತ್ತರದಲ್ಲಿ ‘ಟೋಟಲ್’ 64 ಎಂದೇ ಇತ್ತು. ಸ್ಥಿತಿಯನ್ನು ಕೇಳಲು ನಾವು ಬರೆದುಕೊಂಡಿದ್ದ ಪುಟ್ಟ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್, ಅದನ್ನು ಓದಿ ಮುದ್ರಿಸುತ್ತಿರಲಿಲ್ಲ, ನಾವೂ ಮೂಲ ಉತ್ತರವನ್ನು ತೆರೆದು ನೋಡಿರಲಿಲ್ಲ.

ಪುಟಗಳ ನಡುವೆ ಜಾರುವ ಟಾಸ್ಕ್‌ಗಳು

ಪುಟದ ಗಾತ್ರವನ್ನು ನಾವು ಹೇಳದಿದ್ದರೆ ಸೇವೆ ತನ್ನ ಡೀಫಾಲ್ಟ್ ಗಾತ್ರವನ್ನು ಹಿಡಿಯುತ್ತದೆ, ಅದು 10 ಅಥವಾ 20 ಆಗಿರುವುದು ಸಾಮಾನ್ಯ. ಗಾತ್ರವನ್ನು 500 ಎಂದು ಕೇಳಿದರೆ ಸಾಕಲ್ಲವೇ ಎಂದರೆ, ಕೆಲವು ಸೇವೆಗಳು ದೋಷವನ್ನು ಹಿಂದಿರುಗಿಸುತ್ತವೆ, ಕೆಲವು ಮಾತಿಲ್ಲದೆ ತಮ್ಮ ಗರಿಷ್ಠ ಮಿತಿಗೆ ಇಳಿಸಿಕೊಳ್ಳುತ್ತವೆ. ಎರಡನೆಯ ಬಗೆಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಉತ್ತರ ನೋಡಲು ಸರಿಯಾಗಿಯೇ ಇರುತ್ತದೆ. ಆದ್ದರಿಂದ ಬಂದ ಸಾಲುಗಳನ್ನು ಕೂಡಿಸುತ್ತ, ಅದು ‘ಟೋಟಲ್’ಗೆ ಸಮವಾಗುವವರೆಗೆ ಅಥವಾ ಮುಂದಿನ ಪುಟದ ಗುರುತು ಖಾಲಿಯಾಗುವವರೆಗೆ ಕೇಳುತ್ತಲೇ ಹೋಗಬೇಕು.

ಎಲ್ಲ ಪುಟಗಳನ್ನು ಓದಿದ ಮೇಲೂ ಲೆಕ್ಕ ತಪ್ಪುವ ಒಂದು ಸಂದರ್ಭವಿದೆ, ಅದನ್ನು ಗುರುತಿಸಲು ನಮಗೆ ಎರಡು ದಿನ ಹಿಡಿಯಿತು. ಪಟ್ಟಿ ಹೊಸದರಿಂದ ಹಳೆಯದಕ್ಕೆ ಇಳಿಯುತ್ತಿರುತ್ತದೆ. ನಾವು ಮೊದಲ ಪುಟವನ್ನು ಓದಿ ಎರಡನೆಯದನ್ನು ಕೇಳುವಷ್ಟರಲ್ಲಿ, ಪಕ್ಕದ ಮೇಜಿನ ಹುಡುಗ ಅದೇ ಕೀಯಿಂದ 3 ಹೊಸ ಟಾಸ್ಕ್‌ಗಳನ್ನು ಕಳಿಸಿರುತ್ತಾನೆ. ಆಗ ಮೊದಲ ಪುಟದ ಕೊನೆಯ 3 ಸಾಲುಗಳು ಎರಡನೆಯ ಪುಟದ ತಲೆಗೆ ಬಂದು ಕೂರುತ್ತವೆ. ಅವು ನಮ್ಮ ಲೆಕ್ಕದಲ್ಲಿ ಎರಡು ಸಲ ಸೇರುತ್ತವೆ. ನಾವು 64 ಸಾಲು ಆದೊಡನೆ ನಿಂತರೆ, ಹಳೆಯ 3 ಟಾಸ್ಕ್‌ಗಳು ಕಾಣದೆ ಉಳಿಯುತ್ತವೆ. ಒಟ್ಟು ಸರಿಯಿದೆ, ಒಳಗಿನ ಹೆಸರುಗಳು ತಪ್ಪು. ಪರೀಕ್ಷೆ ಸುಲಭ: ಬಂದ ಐಡಿಗಳಲ್ಲಿ ಒಂದೇ ಐಡಿ ಎರಡು ಬಾರಿ ಇದೆಯೇ ಎಂದು ನೋಡಬೇಕು. ಇದ್ದರೆ ಇದೇ ದೋಷ. ಪುಟದ ಸಂಖ್ಯೆಯ ಬದಲು ಕರ್ಸರ್ (ಎಲ್ಲಿಯವರೆಗೆ ಓದಿದ್ದೇವೆ ಎಂಬ ಗುರುತು) ಕೊಡುವ ಸೇವೆಯಾದರೆ ಅದನ್ನೇ ಬಳಸಬೇಕು. ಇಲ್ಲವಾದರೆ ಸಾಲು ಎಣಿಸುವುದನ್ನು ಬಿಟ್ಟು ಬೇರೆ ಬೇರೆ ಐಡಿಗಳನ್ನು ಎಣಿಸಬೇಕು, ಇಲ್ಲವೇ ಪಟ್ಟಿಯನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ಕೇಳಬೇಕು.

ಐಡಿ ಕೆಟ್ಟಿರುವುದು

‘ಟಾಸ್ಕ್ ಸಿಗಲಿಲ್ಲ’ ಎಂಬ 404 ಉತ್ತರ ಬಂದಾಗ ಸೇವೆಯನ್ನು ಬೈಯುವ ಮೊದಲು ಐಡಿಯನ್ನು ಅಕ್ಷರ ಅಕ್ಷರವಾಗಿ ನೋಡಬೇಕು. ನಮ್ಮಂಥ ಸ್ಟುಡಿಯೋಗಳಲ್ಲಿ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿ ಇರುತ್ತದೆ, ಈ ದೋಷವೂ ಅಲ್ಲೇ ಹುಟ್ಟುತ್ತದೆ. ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ ಮೊದಲ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಮುಂದಿನವನ್ನು ಸೊನ್ನೆ ಮಾಡುತ್ತದೆ. ಕೇವಲ ಅಂಕಿಗಳಿಂದಾದ 18 ಸ್ಥಾನಗಳ ಐಡಿ, ಉದಾಹರಣೆಗೆ 702345918264731589, ಸಾಮಾನ್ಯ ಕೋಶಕ್ಕೆ ಅಂಟಿಸಿದೊಡನೆ 702345918264731000 ಆಗಿಬಿಡುತ್ತದೆ. ಕೋಶದಲ್ಲಿ ಅದು 7.02E+17 ಎಂಬಂತೆ ಘಾತದ ರೂಪದಲ್ಲಿ ಚಿಕ್ಕದಾಗಿ ಕಾಣುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಕಡತದಲ್ಲಿರುವ ಐಡಿಗಳೆಲ್ಲ ಮೂರು ಸೊನ್ನೆಗಳಿಂದ ಮುಗಿಯುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಅಂಕಿಗಳು ಹೋದ ಮೇಲೆ ಕೋಶದ ಮಾದರಿಯನ್ನು ‘ಟೆಕ್ಸ್ಟ್’ಗೆ ಬದಲಿಸಿದರೂ ಅವು ಹಿಂದಿರುಗುವುದಿಲ್ಲ, ಅಂಟಿಸುವ ಮೊದಲೇ ಬದಲಿಸಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಪುಟಗಳಲ್ಲಿಯೂ ಇದೇ ಜಾತಿಯ ತೊಂದರೆ ಇದೆ: 9007199254740991ಕ್ಕಿಂತ ದೊಡ್ಡ ಪೂರ್ಣಾಂಕ ಅಲ್ಲಿ ನಿಖರವಾಗಿ ಉಳಿಯುತ್ತದೆಂಬ ಭರವಸೆಯಿಲ್ಲ, ಆದ್ದರಿಂದ ಐಡಿಯನ್ನು ಸಂಖ್ಯೆಯೆಂದು ಓದದೆ ಪಠ್ಯವೆಂದೇ ಓದಬೇಕು.

ಇನ್ನೊಂದು ಬಗೆಯ ಕೆಡುಕು ಕಣ್ಣಿಗೆ ಕಾಣುವುದೇ ಇಲ್ಲ. ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಉಳಿಸಿದ ಐಡಿಗಳ ಕಡತವನ್ನು ಲಿನಕ್ಸ್ ಸ್ಕ್ರಿಪ್ಟಿಗೆ ಕೊಟ್ಟರೆ, ಪ್ರತಿ ಸಾಲಿನ ಕೊನೆಯಲ್ಲಿ ಅಡಗಿರುವ ಒಂದು ಅಕ್ಷರ ಐಡಿಗೆ ಅಂಟಿಕೊಂಡು ಹೋಗುತ್ತದೆ. ಸಾಲಿನ ಕೊನೆಯ ಗುರುತಿಲ್ಲದ ಕಟ್ಟಕಡೆಯ ಐಡಿ ಮಾತ್ರ ಸರಿಯಾಗಿ ಸಿಕ್ಕಿ, ಉಳಿದವೆಲ್ಲ 404 ಎಂದರೆ ಇದನ್ನೇ ಶಂಕಿಸಬೇಕು. 36 ಅಕ್ಷರಗಳ ಐಡಿಯ ಉದ್ದವನ್ನು ಸ್ಕ್ರಿಪ್ಟಿನಿಂದಲೇ ಎಣಿಸಿದಾಗ 37 ಎಂದು ಬಂದರೆ ಸಂಶಯ ನಿವಾರಣೆಯಾಗುತ್ತದೆ. ವಾಟ್ಸಾಪ್‌ನಿಂದ ನಕಲಿಸಿದ ಐಡಿಗಳ ಮುಂದೆ ಹಿಂದೆ ಖಾಲಿ ಜಾಗ ಸೇರಿಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ.

ಬೇರೆ ಬಾಗಿಲಲ್ಲಿ ನಿಂತು ಕೇಳುವುದು

ಒಂದು ಪ್ರಾಜೆಕ್ಟಿನ ಕೀಯಿಂದ ಕಳಿಸಿ ಇನ್ನೊಂದರ ಕೀಯಿಂದ ಪಟ್ಟಿಯನ್ನು ಕೇಳಿದರೆ ಸೊನ್ನೆ ಟಾಸ್ಕ್‌ಗಳೆಂಬ ಉತ್ತರ ಬರಬಹುದು. ಕೀ ತಪ್ಪಿದ್ದರೆ 401 ಬರುತ್ತದೆ, ಅದು ಮೇಲು. ಆದರೆ ಇದು ತಪ್ಪು ಕೀಯಲ್ಲ, ಸರಿಯಾದ ಬೇರೆ ಕೀ, ಹಾಗಾಗಿ ದೂರಿಲ್ಲದೆ ಖಾಲಿ ಪಟ್ಟಿ ಬರುತ್ತದೆ. ಪ್ರದೇಶಕ್ಕೊಂದು ವಿಳಾಸವಿರುವ ಸೇವೆಗಳಲ್ಲಿ ವಿಳಾಸ ಬದಲಾದರೂ ಇದೇ ಆಗುತ್ತದೆ. ದಿನಾಂಕದ ಫಿಲ್ಟರ್ ಇದ್ದರೆ ಅದು ಬಹುಪಾಲು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಇರುತ್ತದೆ. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ನಡುರಾತ್ರಿ 12ರಿಂದ ಬೆಳಗಿನ ಜಾವ 5.30ರ ನಡುವೆ ಕಳಿಸಿದ ಟಾಸ್ಕ್‌ಗಳು ಅಲ್ಲಿ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತವೆ. ‘ಇವತ್ತಿನವು’ ಎಂದು ಕೇಳಿದರೆ ಅವು ಬರುವುದಿಲ್ಲ. ರಾತ್ರಿ ಕರೆಂಟು ಮತ್ತು ನೆಟ್ ಎರಡೂ ನೆಟ್ಟಗಿರುತ್ತವೆಂದು ನಾವು ಆ ಹೊತ್ತಿನಲ್ಲೇ ಕಳಿಸುವವರಾದ್ದರಿಂದ ಈ ಗುಂಡಿಗೆ ಹಲವು ಸಲ ಬಿದ್ದಿದ್ದೇವೆ. ಪಟ್ಟಿ ಕೆಲವು ದಿನಗಳಷ್ಟು ಹಿಂದಿನವರೆಗೆ ಮಾತ್ರ ಸಿಗುವ ಸೇವೆಗಳೂ ಇವೆ. ಹಳೆಯ ಟಾಸ್ಕ್ ಪಟ್ಟಿಯಿಂದ ಮರೆಯಾಗಿರುವುದಕ್ಕೂ ಟಾಸ್ಕ್ ಕೆಟ್ಟಿರುವುದಕ್ಕೂ ಸಂಬಂಧವಿಲ್ಲ.

ಐಡಿಗಳ ಗುಂಪನ್ನು ಫಿಲ್ಟರಿಗೆ ಕೊಟ್ಟಾಗ ಒಂದೇ ಸಾಲು ಬಂದರೆ, ಗುಂಪನ್ನು ಬರೆಯುವ ರೀತಿಯನ್ನು ನೋಡಬೇಕು. ಕೆಲವು ಸೇವೆಗಳು ಅಲ್ಪವಿರಾಮದಿಂದ ಬೇರ್ಪಡಿಸಿದ ಐಡಿಗಳನ್ನು ಒಪ್ಪುತ್ತವೆ, ಕೆಲವಕ್ಕೆ ಪ್ರತಿ ಐಡಿಗೂ ಫಿಲ್ಟರಿನ ಹೆಸರನ್ನು ಮತ್ತೆ ಮತ್ತೆ ಬರೆಯಬೇಕು. ಗುಂಪು ಬಹಳ ದೊಡ್ಡದಾದರೆ ವಿಳಾಸವೇ ಉದ್ದವಾಗಿ 414 ಎಂಬ ಉತ್ತರ ಬರುತ್ತದೆ: ಅಪಾಚಿ ಸರ್ವರಿನಲ್ಲಿ ಕೋರಿಕೆಯ ಸಾಲಿಗೆ ಡೀಫಾಲ್ಟ್ ಮಿತಿ 8190 ಬೈಟ್, 36 ಅಕ್ಷರಗಳ 300 ಐಡಿಗಳು ಅಲ್ಪವಿರಾಮಗಳೊಂದಿಗೆ 11 ಸಾವಿರವನ್ನು ದಾಟುತ್ತವೆ. ನಾವು 50ರ ಗುಂಪುಗಳಾಗಿ ಕೇಳುತ್ತೇವೆ. ಚಿಕ್ಕ ಗುಂಪಿಗೆ ಇನ್ನೊಂದು ಅನುಕೂಲವೂ ಇದೆ. ಒಂದು ಕೆಟ್ಟ ಐಡಿಯಿಂದ ಇಡೀ ಕೋರಿಕೆ ತಿರಸ್ಕೃತವಾಗುವ ಸೇವೆಯಾದರೆ, ಗುಂಪನ್ನು ಅರ್ಧ ಅರ್ಧ ಮಾಡುತ್ತ ಹೋಗಿ 6 ಸುತ್ತುಗಳಲ್ಲಿ ಆ ಐಡಿಯನ್ನು ಹಿಡಿಯಬಹುದು.

ಅತಿಯಾಗಿ ಕೇಳುವುದು, ಮತ್ತು ಆ ಒಂದು ‘ಎಲ್ಸ್’

ತೋಟದ ಮಾಲೀಕರು ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ, ‘ಎಷ್ಟಾಯ್ತು ಹೇಳಿ ಸಾರ್, ಅಷ್ಟು ಸಾಕು’ ಎನ್ನುತ್ತಿದ್ದರು. ನಮ್ಮ ಸ್ಕ್ರಿಪ್ಟ್ ಅವರಿಗಿಂತ ಅವಸರದ್ದಾಗಿತ್ತು. 64 ಟಾಸ್ಕ್‌ಗಳನ್ನು ಒಂದೊಂದಾಗಿ 2 ಸೆಕೆಂಡಿಗೊಮ್ಮೆ ಕೇಳಿದರೆ ನಿಮಿಷಕ್ಕೆ 1920 ಕೋರಿಕೆಗಳಾಗುತ್ತವೆ. ಸೇವೆ 429 ಎಂಬ ಉತ್ತರವನ್ನು ಕೊಡಲು ತೊಡಗುತ್ತದೆ. ‘ಮಿತಿ ಮೀರಿ ಕೇಳುತ್ತಿದ್ದೀರಿ’ ಎಂಬ ಅರ್ಥದ ಈ ಸಂಖ್ಯೆಯನ್ನು 2012ರಲ್ಲಿ ಎಚ್‌ಟಿಟಿಪಿ (ವೆಬ್‌ನಲ್ಲಿ ಕೋರಿಕೆ ಮತ್ತು ಉತ್ತರಗಳು ಸಾಗುವ ಪದ್ಧತಿ) ನಿಯಮಗಳಿಗೆ ಸೇರಿಸಲಾಯಿತು. ಅದೇ 64 ಟಾಸ್ಕ್‌ಗಳನ್ನು ಪಟ್ಟಿಯ ಮೂಲಕ ಒಂದೇ ಪುಟದಲ್ಲಿ 30 ಸೆಕೆಂಡಿಗೊಮ್ಮೆ ಕೇಳಿದರೆ ನಿಮಿಷಕ್ಕೆ 2 ಕೋರಿಕೆಗಳು ಸಾಕು. 429 ಬಂದಾಗ ಅದರೊಡನೆ ‘ರಿಟ್ರೈ-ಆಫ್ಟರ್’ ಎಂಬ ಸಾಲು ಇದ್ದರೆ ಅದರಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಇಲ್ಲದಿದ್ದರೆ 5, 10, 20, 40 ಸೆಕೆಂಡುಗಳೆಂದು ಕಾಯುವ ಹೊತ್ತನ್ನು ಇಮ್ಮಡಿಸುತ್ತ, ಒಂದೆರಡು ಸೆಕೆಂಡನ್ನು ಯಾದೃಚ್ಛಿಕವಾಗಿ ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಕಚೇರಿಯ ನಾಲ್ಕು ಕಂಪ್ಯೂಟರುಗಳೂ ಒಟ್ಟಿಗೆ ಕಾದು ಒಟ್ಟಿಗೇ ನುಗ್ಗುತ್ತವೆ.

ಆದರೆ 429 ತಾನಾಗಿ ಹಾನಿ ಮಾಡುವುದಿಲ್ಲ, ಅದನ್ನು ನಾವು ಓದುವ ರೀತಿ ಹಾನಿ ಮಾಡುತ್ತದೆ. ನಮ್ಮ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಇತ್ತು: ಸ್ಥಿತಿ ‘ಸಕ್ಸೀಡೆಡ್’ ಆದರೆ ಹಸಿರು, ‘ರನ್ನಿಂಗ್’ ಅಥವಾ ‘ಕ್ಯೂಡ್’ ಆದರೆ ಹಳದಿ, ‘ಎಲ್ಸ್’, ಅಂದರೆ ಬೇರೆ ಏನೇ ಆಗಿದ್ದರೂ, ಕೆಂಪು. ಈ ‘ಎಲ್ಸ್’ ಒಳಗೆ ನಿಜವಾದ ವೈಫಲ್ಯ, 429, ಸರ್ವರ್ ಸದ್ಯಕ್ಕೆ ಸಿಗದು ಎನ್ನುವ 503, ಮಳೆಗೆ ಫೈಬರ್ ಕಡಿದು ಉತ್ತರವೇ ಬಾರದ ಗಳಿಗೆ, ದೊಡ್ಡಕ್ಷರ ಚಿಕ್ಕಕ್ಷರಗಳ ವ್ಯತ್ಯಾಸ ಎಲ್ಲವೂ ಒಂದೇ ಬಣ್ಣದಲ್ಲಿ ಬಂದು ಬೀಳುತ್ತಿದ್ದವು. ಮಲೆನಾಡಿನ ಅಂಚಿನಲ್ಲಿ ಕುಳಿತು ಜುಲೈ ತಿಂಗಳಲ್ಲಿ ಕೆಲಸ ಮಾಡುವವರಿಗೆ ಉತ್ತರ ಬಾರದಿರುವುದು ದಿನನಿತ್ಯದ ಸಂಗತಿ. ಈಗ ನಾಲ್ಕನೆಯ ಬಣ್ಣವೊಂದನ್ನು ಇಟ್ಟಿದ್ದೇವೆ: ಬೂದು, ಅಂದರೆ ‘ಗೊತ್ತಿಲ್ಲ, ಮತ್ತೆ ಕೇಳು’. ಸೇವೆಯೇ ತನ್ನ ಬಾಯಿಂದ ‘ಫೇಲ್ಡ್’ ಎಂದು ಹೇಳಿದ ಟಾಸ್ಕ್ ಮಾತ್ರ ಕೆಂಪಾಗುತ್ತದೆ. ಈ ಬರಹದಲ್ಲಿ ಒಂದನ್ನಷ್ಟೇ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ ಎನ್ನುತ್ತೇನೆ.

ನಿಜವಾಗಿಯೂ ನಿಂತದ್ದು, ನಿಜವಾಗಿಯೂ ಬಿದ್ದದ್ದು

ಒಂದು ಟಾಸ್ಕ್ ಬಹಳ ಹೊತ್ತಿನಿಂದ ‘ರನ್ನಿಂಗ್’ ಎಂದೇ ಇದ್ದರೆ ಅದರ ಜೊತೆಗಾರರನ್ನು ನೋಡಬೇಕು. ಅದೇ ಉದ್ದ, ಅದೇ ರೆಸಲ್ಯೂಶನ್ನಿನ ಇತರ ಟಾಸ್ಕ್‌ಗಳು ಮುಗಿದಿದ್ದು ಇದೊಂದೇ ಉಳಿದಿದ್ದರೆ, ಮತ್ತು ಕೊನೆಯ ಬದಲಾವಣೆಯ ಸಮಯ ಅಲ್ಲೇ ನಿಂತಿದ್ದರೆ, ಅದು ನಿಂತಿದೆ. ಎಲ್ಲವೂ ನಿಧಾನವಾಗಿದ್ದರೆ ಸೇವೆಯ ಮೇಲೆ ಹೊರೆ ಹೆಚ್ಚಿದೆ ಎಂದರ್ಥ, ಕಾಯಬೇಕು. ಯಾವಾಗ ನೋಡಿದರೂ ಅಷ್ಟೇ ಸಂಖ್ಯೆಯವು ನಡೆಯುತ್ತಿದ್ದು ಉಳಿದವು ಸರತಿಯಲ್ಲಿದ್ದರೆ, ಅದು ನಮ್ಮ ಖಾತೆಗೆ ಒಂದೇ ವೇಳೆ ನಡೆಯಬಹುದಾದ ಟಾಸ್ಕ್‌ಗಳ ಮಿತಿ. ಅಲ್ಲಿ ದೋಷವೇ ಇಲ್ಲ.

‘ಫೇಲ್ಡ್’ ಎಂದಾದ ಟಾಸ್ಕಿನ ಜೊತೆಗೆ ಕಾರಣವೂ ಬರುತ್ತದೆ, ಅದನ್ನು ಓದದೆ ಮರಳಿ ಕಳಿಸುವುದು ವ್ಯರ್ಥ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯೊಂದರ ಫೋಟೋವನ್ನು ಮೊದಲ ಚೌಕಟ್ಟಾಗಿ ಕೊಟ್ಟ ನಮ್ಮ 3 ಟಾಸ್ಕ್‌ಗಳು ಪದೇಪದೇ ಬೀಳುತ್ತಿದ್ದವು. ಕಾರಣದ ಜಾಗದಲ್ಲಿ ಸುರಕ್ಷತೆಯ ನಿಯಮಕ್ಕೆ ವಿರುದ್ಧವಾದ ಚಿತ್ರ ಎಂದು ಬರೆದಿತ್ತು. ಕಲ್ಲಿನಲ್ಲಿ ಕಡೆದ ನರ್ತಕಿಯನ್ನು ಆ ಯಂತ್ರ ಏನೆಂದು ತಿಳಿಯಿತೋ. ಅದೇ ಚಿತ್ರವನ್ನು ಹತ್ತು ಸಲ ಕಳಿಸಿದರೂ ಹತ್ತು ಸಲವೂ ಬೀಳುತ್ತದೆ. ದೂರದಿಂದ ತೆಗೆದ, ಇಡೀ ಕಂಬ ಮತ್ತು ಮೇಲ್ಚಾವಣಿ ಕಾಣುವ ಚಿತ್ರವನ್ನು ಕೊಟ್ಟಾಗ ದಾಟಿತು. ಸರ್ವರಿನ ಒಳಗಿನ ತೊಂದರೆ ಎಂಬ ಕಾರಣವಿದ್ದಾಗ ಮಾತ್ರ ಇದ್ದದ್ದನ್ನು ಇದ್ದಂತೆ ಮತ್ತೆ ಕಳಿಸಬಹುದು.

ಮುಗಿದಿದೆ, ಆದರೆ ವಿಡಿಯೋ ತೆರೆಯುತ್ತಿಲ್ಲ

ವಿಡಿಯೋದ ಕೊಂಡಿಗಳು ತಾತ್ಕಾಲಿಕ. ಗೂಗಲ್‌ನ ಜೆಮಿನಿ ಎಪಿಐ (ಪ್ರೋಗ್ರಾಂಗಳು ಸೇವೆಯೊಡನೆ ಮಾತಾಡುವ ದಾರಿ) ಮೂಲಕ ಅದರ ವಿಡಿಯೋ ಮಾದರಿಯಾದ ವಿಯೋದಲ್ಲಿ ತಯಾರಾದ ವಿಡಿಯೋಗಳು ಸರ್ವರಿನಲ್ಲಿ 2 ದಿನ ಮಾತ್ರ ಇರುತ್ತವೆ. ಅದಕ್ಕಿಂತ ಬೇಗ ಕೊಂಡಿಯನ್ನು ಮುಚ್ಚುವ ಸೇವೆಗಳೂ ಇವೆ. ಸ್ಥಿತಿ ಹಸಿರಾದ ಕೂಡಲೇ ಇಳಿಸಿಕೊಳ್ಳುವುದನ್ನು ಸ್ಕ್ರಿಪ್ಟಿಗೇ ವಹಿಸಬೇಕು. ಕೊಂಡಿ ಹೊಸದಾಗಿದ್ದೂ ‘ಅನುಮತಿಯಿಲ್ಲ’ ಎಂಬ 403 ಬರುತ್ತಿದ್ದರೆ, ಅದನ್ನು ಟರ್ಮಿನಲ್ಲಿನಲ್ಲಿ ಉದ್ಧರಣ ಚಿಹ್ನೆಗಳಿಲ್ಲದೆ ಅಂಟಿಸಿದ್ದೀರಾ ಎಂದು ನೋಡಿ. ಕೊಂಡಿಯ ಮಧ್ಯದಲ್ಲಿರುವ ‘&’ ಚಿಹ್ನೆಯನ್ನು ಲಿನಕ್ಸ್ ಟರ್ಮಿನಲ್ ಆದೇಶದ ಕೊನೆಯೆಂದು ತಿಳಿಯುತ್ತದೆ, ಅದರ ಮುಂದಿರುವ, ಅನುಮತಿಯನ್ನು ತೋರಿಸುವ ಸಹಿಯ ಭಾಗ ಸರ್ವರನ್ನು ಮುಟ್ಟುವುದೇ ಇಲ್ಲ. ಇಳಿಸಿಕೊಂಡ ಕಡತದ ಗಾತ್ರವನ್ನೂ ಗಮನಿಸಬೇಕು. ಕೆಲವೇ ನೂರು ಬೈಟ್‌ಗಳ ‘ವಿಡಿಯೋ’ ವಿಡಿಯೋ ಅಲ್ಲ, ದೋಷದ ಸಂದೇಶ; ನೋಟ್‌ಪ್ಯಾಡಿನಲ್ಲಿ ತೆರೆದರೆ ಕಾರಣವನ್ನು ಓದಬಹುದು.

ಮತ್ತೆ ಕಳಿಸುವ ಮೊದಲು

ಪೂರ್ಣ ಪಟ್ಟಿಯಲ್ಲಿ ಆ ಐಡಿ ಇಲ್ಲ, ಸರಿಯಾದ ಕೀಯಿಂದ ಒಂಟಿಯಾಗಿ ಕೇಳಿದರೂ 404, ಐಡಿ ಕೆಟ್ಟಿಲ್ಲ ಎಂಬುದೂ ಖಚಿತ, ಪಟ್ಟಿಯ ದಿನಗಳ ಮಿತಿಯೂ ಮೀರಿಲ್ಲ: ಈ ನಾಲ್ಕೂ ಕೂಡಿದಾಗ ಮಾತ್ರ ನಾವು ಮರಳಿ ಕಳಿಸುತ್ತೇವೆ. ಎಲ್ಲಕ್ಕಿಂತ ತೊಡಕಿನದು ಐಡಿಯೇ ಬಾರದ ಸಂದರ್ಭ. ಕೋರಿಕೆ ಹೋಗಿ, ಉತ್ತರ ಬರುವ ಮೊದಲೇ ಕರೆಂಟು ಹೋದರೆ ಟಾಸ್ಕ್ ಅಲ್ಲಿ ನಡೆಯುತ್ತಿರುತ್ತದೆ, ನಮ್ಮ ಬಳಿ ಚೀಟಿಯಿಲ್ಲ. ಆಗ ಪಟ್ಟಿಯಲ್ಲಿ ಆ ನಿಮಿಷದ ಆಸುಪಾಸಿನಲ್ಲಿ ಹುಟ್ಟಿದ, ನಮ್ಮ ಕಡತದಲ್ಲಿಲ್ಲದ ಐಡಿಯನ್ನು ಹುಡುಕಬೇಕು. ಇದು ಸಾಧ್ಯವಾಗಬೇಕಾದರೆ ಪ್ರತಿ ತುಣುಕಿಗೂ ನಮ್ಮದೇ ಕ್ರಮಸಂಖ್ಯೆ ಮತ್ತು ಕಳಿಸಿದ ಸಮಯವನ್ನು ಕಳಿಸುವ ಮೊದಲೇ ಕಡತಕ್ಕೆ ಬರೆದಿರಬೇಕು, ಐಡಿ ಬಂದ ತಕ್ಷಣ ಅದರ ಪಕ್ಕಕ್ಕೆ ಸೇರಿಸಬೇಕು. ಎಲ್ಲ 64 ಮುಗಿದ ಮೇಲೆ ಒಟ್ಟಿಗೆ ಬರೆಯುವ ಸ್ಕ್ರಿಪ್ಟ್ ಯುಪಿಎಸ್ ಇಲ್ಲದ ಕಚೇರಿಗೆ ಸಲ್ಲದು.

ಇಷ್ಟಾದ ಮೇಲೂ ಟಾಸ್ಕಿನ ಸುಳಿವು ಸಿಗದಿದ್ದರೆ ಸೇವೆಯ ಸಹಾಯವಿಭಾಗಕ್ಕೆ ಬರೆಯಬೇಕು. ಟಾಸ್ಕ್ ಐಡಿ, ಉತ್ತರದ ಹೆಡರಿನಲ್ಲಿ (ಉತ್ತರದ ತಲೆಯಲ್ಲಿರುವ ಮಾಹಿತಿಯ ಸಾಲುಗಳಲ್ಲಿ) ಬರುವ ಕೋರಿಕೆಯ ಐಡಿ, ಯುಟಿಸಿಯಲ್ಲಿ ಸಮಯ ಮತ್ತು ಮೂಲ ಉತ್ತರವನ್ನು ಇದ್ದಂತೆ ಕೊಟ್ಟರೆ ಅವರು ಮರುಪ್ರಶ್ನೆ ಕೇಳುವುದು ತಪ್ಪುತ್ತದೆ. ಸ್ಕ್ರೀನ್‌ಶಾಟ್ ಕಳಿಸುವುದಾದರೆ ಅದರ ಮೇಲ್ಭಾಗದಲ್ಲಿ ಎಪಿಐ ಕೀ ಇರುವ ಸಾಲು ಕಾಣುತ್ತಿಲ್ಲ ಎಂಬುದನ್ನು ನೋಡಿಕೊಂಡೇ ಕಳಿಸಬೇಕು. ಕಂಡಿದ್ದರೆ, ಆ ಕೀಯನ್ನು ಅದೇ ದಿನ ಬದಲಿಸಬೇಕು.